ಅಜ್ಜನ ಅಂಗಿಯ ನೀಲಿ

"ಅಮ್ಮಾ, ಇಲ್ಲಿ ನೋಡು, ಅಜ್ಜನ ಅಂಗಿ!"

ಕಳೆದ ಭಾನುವಾರ ಫ್ರಾನ್ಸಿನ ಸ್ಯಾಂ ಜೂಲಿಯಾಂ ಊರಿನ ದ್ರಾಕ್ಷಿ ತೋಟದ ಅಂಚಿನಲ್ಲಿ ಮಗಳು ಹೀಗೆ ಕೂಗಿದಳು. ಸುತ್ತ ನೋಡಿದೆ. ಅಂಗಿ ಎಲ್ಲೂ ಕಾಣಲಿಲ್ಲ. ಅವಳು ತೋರಿಸುತ್ತಿದ್ದದ್ದು ಒಂದು ಎಲೆ. ಹಸಿರಿನ ಮೇಲೆ ತಿಳಿ ನೀಲಿ ಚುಕ್ಕೆಗಳು, ಒಣಗಿ ಪುಡಿಯಾದವು. ಮುಟ್ಟಿದರೆ ಬೆರಳಿಗೆ ಹತ್ತಿತು.

ಎದೆ ಧಸಕ್ಕೆಂದಿತು. ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಊರಿಗೆ ಹೋಗಿದ್ದೆವು. ಅಪ್ಪ ಮದ್ದು ಹೊಡೆಸುವ ದಿನ ಹಾಕುವ ಹಳೇ ಅಂಗಿ ಬಚ್ಚಲ ಹೊರಗೆ ನೇತಾಡುತ್ತಿತ್ತು. ಎಷ್ಟು ಒಗೆದರೂ ಹೋಗದ ನೀಲಿ ಕಲೆಗಳು ಅದರ ತುಂಬಾ. ಆರು ವರ್ಷದ ಮಗು ಅದನ್ನು ನೆನಪಿಟ್ಟುಕೊಂಡಿದೆ.

ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ಮಗಳು ಅವರನ್ನು ಪಪಿ ಅನ್ನುತ್ತಾಳೆ, ಇಲ್ಲಿ ತಾತನನ್ನು ಕರೆಯುವ ಹಾಗೆ. ಆಯಸ್ಸಿನ ಬಹುಪಾಲು ಈ ಭಾಗದ ತೋಟಗಳಲ್ಲೇ ದುಡಿದವರು. ಮಗು ಏನಂದಿತು ಎಂದು ಕೇಳಿದರು. ಹೇಳಿದೆ. ನಮ್ಮಪ್ಪನ ಅಡಿಕೆ ತೋಟಕ್ಕೂ ಇದೇ ಹೊಡೆಯುತ್ತಾರೆ, ಮೈಲುತುತ್ತ ಎಂಬ ತಾಮ್ರದ ಉಪ್ಪು ಮತ್ತು ಸುಣ್ಣ, ನಾವು ಅದಕ್ಕೆ ಬೋರ್ಡೋ ಅಂತಲೇ ಅನ್ನುತ್ತೇವೆ ಎಂದೆ. ಅವರು ಸುಮ್ಮನೆ ನಿಂತುಬಿಟ್ಟರು. ಆಮೇಲೆ ಕೈಯೆತ್ತಿ ರಸ್ತೆಯ ಪಕ್ಕದ ಸಾಲು ತೋರಿಸಿದರು. "ಇದು ಹುಟ್ಟಿದ್ದು ಇಲ್ಲೇ, ಮದಾಮ್."

ಬೋರ್ಡೋ ಅಂದರೆ ಒಂದು ಊರು ಅಂತ ನನಗೆ ಗೊತ್ತಾಗಿದ್ದೇ ಮದುವೆಯಾಗಿ ಇಲ್ಲಿಗೆ ಬರುವಾಗ. ಅಲ್ಲಿಯವರೆಗೆ ಅದು ಸೊಸೈಟಿಯಿಂದ ತಂದ ಚೀಲಗಳ, ಡ್ರಮ್ಮಿನಲ್ಲಿ ಕಲಸುವ ಕೆಲಸದ ಹೆಸರಾಗಿತ್ತು ಅಷ್ಟೇ.

ಪಪಿ ಹೇಳಿದ ಕತೆ ಇದು. 1878ರಲ್ಲಿ ಅಮೆರಿಕದ ಕಡೆಯಿಂದ ಒಂದು ಎಲೆರೋಗ ಫ್ರಾನ್ಸಿಗೆ ಬಂತು. ಬಳ್ಳಿಗಳ ಎಲೆ ಬೇಗನೆ ಉದುರತೊಡಗಿದವು. ಎಲೆ ಇಲ್ಲದೆ ಹಣ್ಣು ಮಾಗುವುದಾದರೂ ಹೇಗೆ? 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಯಾರ್ಡೆ ಈ ದಾರಿಯಲ್ಲಿ ಹೋಗುತ್ತಿದ್ದರು. ಒಳಗಿನ ಬಳ್ಳಿಗಳೆಲ್ಲ ಬೋಳಾಗಿದ್ದರೆ ರಸ್ತೆ ಬದಿಯ ಸಾಲುಗಳು ಮಾತ್ರ ಹಸಿರಾಗಿದ್ದವು. ಹೋಗಿ ಬರುವವರು ಹಣ್ಣು ಕಿತ್ತು ತಿನ್ನಬಾರದೆಂದು, ವಿಷದ ಹಾಗೆ ಕಾಣಲಿ ಅಂತ, ಆ ಸಾಲುಗಳಿಗೆ ತಾಮ್ರದ ಉಪ್ಪು ಮತ್ತು ಸುಣ್ಣ ಎರಚುವುದು ಇಲ್ಲಿನ ರೂಢಿ. ಮಿಯಾರ್ಡೆ ಇದನ್ನು ಹಿಡಿದುಕೊಂಡರು. ಡುಕ್ರು ಬೊಕಾಯು ತೋಟದ ಉಸ್ತುವಾರಿ ಎರ್ನೆಸ್ಟ್ ದವೀದ್ ಪ್ರಯೋಗಕ್ಕೆ ಕೈಜೋಡಿಸಿದರು. 1885ರಲ್ಲಿ ಮದ್ದಿನ ವಿಧಾನ ಪ್ರಕಟವಾಯಿತು. ಇಲ್ಲಿ ಅದಕ್ಕೆ ಬುಯ್ಯಿ ಬೋರ್ದಲೇಜ್ ಅನ್ನುತ್ತಾರೆ. ಬುಯ್ಯಿ ಅಂದರೆ ಗಂಜಿ. ಬೋರ್ಡೋದ ಗಂಜಿ.

ಮಿಕ್ಕ ಕತೆ ನಮ್ಮದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಬಂದರು. ಮಲೆನಾಡಿನ ತೋಟಗಳಲ್ಲಿ ಓಡಾಡಿ ಅಡಿಕೆಯ ಕೊಳೆರೋಗ ಏನೆಂದು ಅಧ್ಯಯನ ಮಾಡಿ, ಗೊನೆಗಳಿಗೆ ಈ ಗಂಜಿಯನ್ನೇ ಹೊಡೆಯಿರಿ ಎಂದರು. ಇಲ್ಲಿನ ಎಲೆರೋಗವೂ ನಮ್ಮ ಕೊಳೆಯೂ ಒಂದೇ ಬಳಗದವು. ಎರಡಕ್ಕೂ ಬೇಕಾದ್ದು ಬಿಡದ ಮಳೆ, ತೇವ. ಈ ಕೋಲ್ಮನ್ ಹೆಸರು ಅಡಿಕೆ ಸೀಮೆಯ ಎಲ್ಲ ಮಕ್ಕಳಿಗೂ ಗೊತ್ತಿರಬೇಕಿತ್ತು. ನನಗೆ ನನ್ನ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಆ ಡುಕ್ರು ಬೊಕಾಯು ಸಾಮಾನ್ಯ ತೋಟವಲ್ಲ. 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಬೋರ್ಡೋದ ದಲ್ಲಾಳಿಗಳು ಕೆಂಪು ವೈನುಗಳ ಒಂದು ಪಟ್ಟಿ ಮಾಡಿಕೊಟ್ಟರು. ಐದು ವರ್ಗ. ಅಳತೆಗೋಲು ಮುಖ್ಯವಾಗಿ ಆ ವೈನಿಗೆ ವರ್ಷವರ್ಷಗಳಿಂದ ಸಿಕ್ಕ ದರ. ಮೊದಲನೆಯ ವರ್ಗದಲ್ಲಿ ನಾಲ್ಕೇ ಹೆಸರು: ಲಫೀತ್, ಲತೂರ್, ಮಾರ್ಗೊ, ಓ ಬ್ರಿಯೋಂ. ಡುಕ್ರು ಎರಡನೆಯದರಲ್ಲಿ. ಇವತ್ತಿಗೂ ಅದೇ ಪಟ್ಟಿ. 1973ರಲ್ಲಿ ಮೂತೋನ್ ಒಂದು ಮಾತ್ರ ಎರಡರಿಂದ ಒಂದಕ್ಕೆ ಏರಿತು. ಸ್ಯಾಂ ಜೂಲಿಯಾಂಗೆ ಮೊದಲ ವರ್ಗ ಒಂದೂ ಇಲ್ಲ, ಆದರೆ ಈ ಪುಟ್ಟ ಊರಿನ ಹನ್ನೊಂದು ತೋಟಗಳು ಪಟ್ಟಿಯಲ್ಲಿವೆ.

ದಲ್ಲಾಳಿ, ದರ, ವರ್ಗ ಅಂದಕೂಡಲೇ ನನಗೆ ಶಿವಮೊಗ್ಗದ ಅಡಿಕೆ ಮಂಡಿ ಕಣ್ಣಮುಂದೆ ಬಂತು. ಸರಕು, ಬೆಟ್ಟೆ, ರಾಶಿ, ಗೊರಬಲು. ನಮ್ಮಲ್ಲೂ ವರ್ಗ ಇದೆ. ಆದರೆ ಚೀಲ ಮಂಡಿಯಲ್ಲಿ ಇಳಿದ ಮೇಲೆ ಅದು ಯಾರ ತೋಟದ್ದು, ಯಾವ ಹಳ್ಳದ ದಂಡೆಯದ್ದು ಅಂತ ಕೇಳುವವರಿಲ್ಲ. ಅಪ್ಪನ ಅಡಿಕೆ ಎಲ್ಲಿಗೆ ಹೋಗುತ್ತದೆ ಅಂತ ಅಪ್ಪನಿಗೇ ಗೊತ್ತಿಲ್ಲ. ಇಲ್ಲಿ ತೋಟದ ನೆಲಕ್ಕೇ ಮರ್ಯಾದೆ. ಬೊಕಾಯು ಅಂದರೆ ಚಂದದ ಬೆಣಚುಕಲ್ಲು. ನೀರು ನಿಲ್ಲದ, ಹಗಲ ಬಿಸಿಯನ್ನು ರಾತ್ರಿ ಬಳ್ಳಿಗೆ ವಾಪಸ್ ಕೊಡುವ ಆ ಕಲ್ಲನ್ನೇ ಹೆಸರಾಗಿ ಇಟ್ಟುಕೊಂಡಿದ್ದಾರೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ವಾಪಸ್ ಬಂದ ಮೇಲೆ ಪಪಿ ಬಾಟಲಿಯೊಂದನ್ನು ತಂದರು. ಅದೇ ಊರಿನದು, ಎರಡನೆಯ ವರ್ಗದ್ದು, ಇಪ್ಪತ್ತು ವರ್ಷ ಹಳೆಯದು. ನಿವೃತ್ತಿಯ ದಿನ ಕೊಟ್ಟಿದ್ದಂತೆ. "ಇವತ್ತು ತೆಗೆಯುವ ದಿನ" ಎಂದರು. ನಾನು ಕುಡಿಯುವವಳಲ್ಲ. ಆದರೆ ಅವತ್ತು ಬೇಡ ಅನ್ನಲು ಬಾಯಿ ಬರಲಿಲ್ಲ.

ಮೊದಲು ಬಣ್ಣ. ಅಡಿಕೆ ಬೇಯಿಸಿದ ಚೊಗರಿನ ಬಣ್ಣವೇ. ಅಂಚಿನಲ್ಲಿ ಮಾತ್ರ ಸ್ವಲ್ಪ ಇಟ್ಟಿಗೆಯ ಛಾಯೆ. ಅದು ವಯಸ್ಸಿನ ಗುರುತಂತೆ. ವಾಸನೆ ನೋಡಿ ಅಂದರು. ಇಲ್ಲಿಯವರು ಹೇಳುವ ಕಾಸಿಸ್ ಹಣ್ಣು ನಮ್ಮಲ್ಲಿಲ್ಲ, ನೀವು ಚೆನ್ನಾಗಿ ಹಣ್ಣಾದ ನೇರಳೆಯನ್ನು ನೆನೆಸಿಕೊಳ್ಳಿ. ಅದರ ಹಿಂದೆ ದೇವದಾರು, ಆಗಷ್ಟೇ ಹೆರೆದ ಪೆನ್ಸಿಲ್. ಇನ್ನೂ ಸ್ವಲ್ಪ ಹೊತ್ತು ಲೋಟದಲ್ಲಿ ಬಿಟ್ಟರೆ ಹೊಗೆಸೊಪ್ಪು, ಒದ್ದೆ ಮಣ್ಣು. ಅಜ್ಜಿಯ ಕವಳದ ತಟ್ಟೆಯ ಮುಚ್ಚಳ ತೆಗೆದಂತಾಯಿತು ನನಗೆ.

ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡೆ. ನಾಲಿಗೆಯ ಎರಡೂ ಪಕ್ಕ ಹಿಡಿದುಕೊಂಡಿತು. ಇದಕ್ಕೆ ತಾನೇ ಟ್ಯಾನಿನ್ ಅನ್ನೋದು ಎಂದೆ. ಹೌದು ಎಂದರು. ಎಳೆಯ ವೈನಿನಲ್ಲಿ ಅದು ಜಾಸ್ತಿ, ಬಾಯಿ ಕಟ್ಟಿಹೋಗುವಷ್ಟು. ಅದು ಇರುವುದರಿಂದಲೇ ಬಾಟಲಿ ಇಷ್ಟು ವರ್ಷ ಉಳಿಯುವುದು. ಉಳಿಯುತ್ತಾ ಉಳಿಯುತ್ತಾ ಅದೇ ಮೆತ್ತಗಾಗುತ್ತದೆ. "ನಿಮ್ಮ ಭಾಷೆಯಲ್ಲಿ ಏನಂತಾರೆ?"

"ಒಗರು" ಎಂದೆ.

ಅವರು ಎರಡು ಮೂರು ಸಲ ಹೇಳಿ ನೋಡಿದರು. ಫ್ರೆಂಚರ ಗಂಟಲಲ್ಲಿ ರ ಬೇರೆಯೇ ಆಗಿ ಹೊರಳುತ್ತದೆ. ಆದರೂ ಅರ್ಥ ಅವರಿಗೆ ಸಿಕ್ಕಿತ್ತು, ಮುಖದಲ್ಲಿ ಕಾಣುತ್ತಿತ್ತು.

ಆಮೇಲೆ ತಮ್ಮ ಅಂಗೈ ತೋರಿಸಿದರು. ಎಳೆಯ ವಯಸ್ಸಿನಲ್ಲಿ ಬೆನ್ನಿಗೆ ತಾಮ್ರದ ಡಬ್ಬಿ ಕಟ್ಟಿಕೊಂಡು ಸಾಲು ಸಾಲು ಮದ್ದು ಹೊಡೆದ ಕೈ. ನಮ್ಮ ಕೊನೆಗಾರ ನೆನಪಾದ. ಮಳೆಗೆ ಜಾರುವ ಮರದ ತುದಿಯಲ್ಲಿ ಕಾಲು ಬಿಗಿದು ಕೂತು, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗಿ ಗೊನೆಗೆ ಪೈಪು ಹಿಡಿಯುತ್ತಿದ್ದ. ಕೆಳಗೆ ಪಂಪು ಒತ್ತುವವರ ತಲೆ ಮೇಲೆಲ್ಲ ನೀಲಿ ಹನಿ. ಹೊಡೆಯುವ ಮೊದಲು ಅಪ್ಪ ಡ್ರಮ್ಮಿಗೆ ಚಾಕು ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಅಂಗಳದಲ್ಲಿ ಎಲ್ಲರೂ ಮಾತು ನಿಲ್ಲಿಸಿ ಆ ಅಲಗನ್ನೇ ನೋಡುತ್ತಿದ್ದೆವು. ಅಷ್ಟೆಲ್ಲ ಮಾಡಿದ ಮೇಲೂ ಮಳೆ ಹಿಡಿದು ಬಿಟ್ಟರೆ, ಬೆಳಿಗ್ಗೆ ಮರದ ಬುಡದಲ್ಲಿ ಉದುರಿದ ಎಳೆಕಾಯಿ ನೋಡಿ ಅಪ್ಪ ಕಾಫಿ ಕುಡಿಯದೇ ಕೂರುತ್ತಿದ್ದರು.

ರಾತ್ರಿ ಅಪ್ಪನಿಗೆ ಫೋನು ಮಾಡಿದೆ. ಹೋಗಲಿಲ್ಲ. ಊರಿನಲ್ಲಿ ಜೋರು ಮಳೆ, ಕರೆಂಟೂ ಇಲ್ಲ, ಟವರೂ ಇಲ್ಲ. ಎಲೆಯ ಫೋಟೋ ಕಳಿಸಿ, ಇದು ಅದೇ ಜಾಗದ್ದು ಅಪ್ಪ, ಬೋರ್ಡೋ ಹುಟ್ಟಿದ ಜಾಗ, ಅಂತ ಉದ್ದಕ್ಕೆ ಬರೆದು ಹಾಕಿದೆ.

ಮೂರು ದಿನ ಬಿಟ್ಟು ಉತ್ತರ ಬಂತು. ಅಪ್ಪನದು ದನಿಯ ಮೆಸೇಜು. ಹಿಂದೆ ಮಳೆಯ ಸದ್ದು.

"ಫೋಟೋ ನೋಡಿದೆ ಪುಟ್ಟಿ. ಸುಣ್ಣ ಒಂಚೂರು ಜಾಸ್ತಿ ಆಗಿದೆ ಅವರದ್ದು, ಬಿಳಿ ಕಾಣ್ತದೆ. ಎಲೆ ಅಡಿಗೂ ಬಿದ್ದಿದ್ಯಾ ನೋಡು. ರೋಗ ಹಿಡಿಯೋದು ಅಡಿಯಿಂದ."

ಪಪಿಗೆ ಅದನ್ನು ಕೇಳಿಸಿ ಅರ್ಥ ಹೇಳಿದೆ. ಅವರು ತಲೆಯಾಡಿಸಿ, ಬರುವ ಭಾನುವಾರ ಮತ್ತೆ ಹೋಗೋಣ ಎಂದರು. ಎಲೆ ತಿರುಗಿಸಿ ನೋಡಿ ಅಪ್ಪನಿಗೆ ಹೇಳಬೇಕಲ್ಲ.