ಪ್ರಧಾನಿ ಬಂದು ನೋಡಿಹೋದ ಊರು

ದಕ್ಷಿಣ ಇಟಲಿಯ ಬಸಿಲಿಕಾಟ ಪ್ರಾಂತ್ಯಕ್ಕೆ ಹೋಗುವವರಲ್ಲಿ ಹೆಚ್ಚಿನವರು ಮಟೇರಾ ನೋಡಿ ಮರಳುತ್ತಾರೆ. ನಾನು ಹೋದದ್ದು ಮೊಲಿಟೆರ್ನೊ ಎಂಬ ಗುಡ್ಡದ ಊರಿಗಾಗಿ. 1902ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಜುಸೆಪ್ಪೆ ಜನಾರ್ಡೆಲ್ಲಿ ಇಲ್ಲಿಗೆ ಬಂದಾಗ ಊರಿನ ಮೇಯರ್ ಆಡಿದ ಸ್ವಾಗತದ ಮಾತು ನನ್ನನ್ನು ಬಹುಕಾಲದಿಂದ ಕಾಡುತ್ತಿತ್ತು. ಎಂಟು ಸಾವಿರ ಜನರ ಪರವಾಗಿ ತಮಗೆ ವಂದನೆ, ಅವರಲ್ಲಿ ಮೂರು ಸಾವಿರ ಮಂದಿ ಅಮೆರಿಕದಲ್ಲಿದ್ದಾರೆ, ಉಳಿದ ಐದು ಸಾವಿರ ಮಂದಿ ಅವರ ಹಿಂದೆಯೇ ಹೊರಡಲು ಅಣಿಯಾಗುತ್ತಿದ್ದಾರೆ ಎಂದಿದ್ದರು ಆತ.

ಜನಾರ್ಡೆಲ್ಲಿ ಉತ್ತರದ ಬ್ರೆಶಾ ನಗರದ ವಕೀಲರು. ನ್ಯಾಯಮಂತ್ರಿಯಾಗಿ ಅವರು ರೂಪಿಸಿದ ದಂಡಸಂಹಿತೆ 1890ರ ಜನವರಿ 1ರಂದು ಜಾರಿಗೆ ಬಂದು, ಮರಣದಂಡನೆಯನ್ನು ತೆಗೆದುಹಾಕಿತು. ಇಷ್ಟು ಕೀರ್ತಿಯೇ ಒಬ್ಬ ನ್ಯಾಯವೇತ್ತನಿಗೆ ಸಾಕು. ಆದರೆ ಅವರು ಎಪ್ಪತ್ತೈದರ ವಯಸ್ಸಿನಲ್ಲಿ, ದೇಶದ ಅತಿ ಬಡ ಸೀಮೆಯ ಸ್ಥಿತಿಯನ್ನು ಕಡತಗಳಿಂದ ತಿಳಿಯುವುದರಲ್ಲಿ ತೃಪ್ತರಾಗದೆ, ರಸ್ತೆಯಿಲ್ಲದ ಕಡೆ ಎತ್ತಿನ ಗಾಡಿಯಲ್ಲಿ ಕುಳಿತು ಇಲ್ಲೆಲ್ಲ ಸುತ್ತಿದರು. ದಂಡಸಂಹಿತೆಗಿಂತಲೂ ನನಗೆ ಈ ಪ್ರಯಾಣವೇ ದೊಡ್ಡದೆನಿಸುತ್ತದೆ.

ಊರಿನ ಕೋಟೆಯನ್ನು ಬೇಗನೆ ನೋಡಿ ಮುಗಿಸಿ ಚೀಸ್ ಅಂಗಡಿಯೊಂದರಲ್ಲಿ ಕುಳಿತೆ. ಕುರಿ ಮತ್ತು ಮೇಕೆಯ ಹಾಲಿನ ಇಲ್ಲಿಯ ಚೀಸಿನ ಸಿಪ್ಪೆಯ ಮೇಲೆ, ಅದನ್ನು ಅಚ್ಚು ಹಾಕಿದ ಬುಟ್ಟಿಯ ಹೆಣಿಗೆ ಗೆರೆಗೆರೆಯಾಗಿ ಮೂಡಿರುತ್ತದೆ. ರುಚಿ ಖಾರ, ಬಹಳ ಹಿಡಿಸಿತು. ಅಂಗಡಿಯ ಹಿರಿಯರ ಮಾತನ್ನು ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

“ಜನಾರ್ಡೆಲ್ಲಿ ಬಂದುಹೋದ ಮೇಲೆ ನಿಮ್ಮ ಕಡೆ ಏನಾದರೂ ಬದಲಾಯಿತೇ?” ಎಂದೆ.

“ರಸ್ತೆ ಬಂತು. ನಮ್ಮಜ್ಜ ಆ ರಸ್ತೆಯಲ್ಲೇ ಇಳಿದು ಅರ್ಜೆಂಟೀನಾಕ್ಕೆ ಹೋದ. ಈಗ ಮಗ ಟ್ಯೂರಿನ್‌ನಲ್ಲಿದ್ದಾನೆ.”

ಅದು ಜನಾರ್ಡೆಲ್ಲಿಯವರ ತಪ್ಪಲ್ಲವೆಂದು ನಾನು ವಾದಿಸಿದೆ. ಆ ಪ್ರಯಾಣದ ಫಲವಾಗಿ ಬಸಿಲಿಕಾಟದ ಏಳಿಗೆಗೆಂದು ರೂಪುಗೊಂಡ ವಿಶೇಷ ಕಾನೂನು ಅಂಗೀಕಾರವಾದದ್ದು 1904ರ ಮಾರ್ಚ್ 31ರಂದು. ಅದಕ್ಕೆ ಮೂರು ತಿಂಗಳ ಹಿಂದೆ, 1903ರ ಡಿಸೆಂಬರಿನಲ್ಲೇ, ಜನಾರ್ಡೆಲ್ಲಿ ತೀರಿಕೊಂಡಿದ್ದರು. ಹಿರಿಯರು ತಲೆದೂಗಿ, “ತಪ್ಪೆಂದು ನಾನು ಎಲ್ಲಿ ಹೇಳಿದೆ? ಬಂದು ನೋಡಿದವರಲ್ಲಿ ಅವರೇ ಮೊದಲಿಗರು,” ಎಂದರು.

ಈ ಊರಿಗೆ ಭಾನುವಾರ ಮಾತ್ರ ಹೋಗಬೇಡಿ. ನಿಲ್ದಾಣದಲ್ಲಿ ಅಂಟಿಸಿದ್ದ ವೇಳಾಪಟ್ಟಿಯನ್ನು ನಂಬಿ ಸಂಜೆಯವರೆಗೆ ಕಾದರೂ ಬಸ್ಸು ಬರಲಿಲ್ಲ. ಹಳೆಯ ಪಟ್ಟಿಯನ್ನು ಕಿತ್ತುಹಾಕುವಷ್ಟು ಕಾಳಜಿಯೂ ಯಾರಿಗೂ ಇರಲಿಲ್ಲವೆಂಬ ಸಿಟ್ಟು ಇನ್ನೂ ಆರಿಲ್ಲ.

ಮಟೇರಾಕ್ಕೂ ಹೋಗಿಬಂದೆ. ಜನಾರ್ಡೆಲ್ಲಿ ಕಂಡ ಕಾಲದಲ್ಲಿ ಮನುಷ್ಯರೂ ಕತ್ತೆಗಳೂ ಒಟ್ಟಿಗೆ ಮಲಗುತ್ತಿದ್ದ ಗುಹೆಗಳಲ್ಲಿ ಈಗ ದುಬಾರಿ ಹೋಟೆಲುಗಳಿವೆ, ಅದು ನನಗೆ ಸೊಗಸಲಿಲ್ಲ. ಅವರು ಕಂಡ ನಾಡು ಎಂಥದೆಂದು ತಿಳಿಯಬೇಕಾದವರು ಅಲ್ಲಿ ಒಂದು ದಿನ ಕಡಿಮೆ ಮಾಡಿ ಮೊಲಿಟೆರ್ನೊದಲ್ಲಿ ಉಳಿಯಲಿ.