ನೋವಿಲ್ಲ, ಆದ್ರೆ ಕಾಲೇ ಇಲ್ಲ

2025 ಜೂನ್ 19, ಗುರುವಾರ, ರಾತ್ರಿ 10.40

ಇವತ್ತು ಎರಡು ಹರ್ನಿಯಾ ಕೇಸ್. ಇಬ್ಬರಿಗೂ ಸ್ಪೈನಲ್, ಅಂದ್ರೆ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆ, ಕೊಟ್ಟಿದ್ದು ನಾನೇ. ಇಬ್ಬರಿಗೂ ಮರಗಟ್ಟಿಸುವ ಔಷಧಿ 0.5% ಹೆವಿ (ಬೆನ್ನಿನ ದ್ರವಕ್ಕಿಂತ ಭಾರದ) ಬುಪಿವಕೇನ್, 3 ಮಿ.ಲೀ. ಅದರ ಜೊತೆ ಬೆರೆಸಿದ ಅರ್ಧ ಮಿ.ಲೀ. ಮಾತ್ರ ಬೇರೆ ಬೇರೆ. ಮೊದಲನೆಯವರಿಗೆ ಫೆಂಟಾನಿಲ್ 25 ಮೈಕ್ರೋಗ್ರಾಂ. ಎರಡನೆಯವರಿಗೆ ಡೆಕ್ಸ್‌ಮೆಡಿಟೊಮಿಡಿನ್ 5 ಮೈಕ್ರೋಗ್ರಾಂ. ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ನಾವು ಇದನ್ನು ಸುಮ್ನೆ 'ಡೆಕ್ಸ್' ಅಂತೀವಿ.

ಡೆಕ್ಸ್ ಯಾಕೆ ಹಾಕಿದೆ? ನಿಜ ಹೇಳಬೇಕಂದ್ರೆ, ಜಾಸ್ತಿ ಹೊತ್ತು ನೋವಿರಲ್ಲ ಅನ್ನೋ ಒಂದೇ ಕಾರಣಕ್ಕೆ. 100 ಮೈಕ್ರೋಗ್ರಾಂನ ಔಷಧಿಯನ್ನು 10 ಮಿ.ಲೀ.ಗೆ ತೆಳು ಮಾಡಿ, ಅದರಲ್ಲಿ ಅರ್ಧ ಮಿ.ಲೀ. ಎಳೆದುಕೊಂಡೆ. ಲೆಕ್ಕವನ್ನು ಎರಡು ಸಲ ನೋಡಿದೆ. ಕಾಲಿನ ಬಗ್ಗೆ ಒಂದು ಸಲವೂ ಯೋಚಿಸಲಿಲ್ಲ.

ಬೆಳಿಗ್ಗೆ 9.15ಕ್ಕೆ ಸ್ಪೈನಲ್ ಆದವರು ಮಧ್ಯಾಹ್ನ 12.30ರ ಹೊತ್ತಿಗೆ ಮಂಡಿ ಮಡಚಿ ಮಲಗಿದ್ದರು. ಎರಡನೆಯವರಿಗೆ ಸ್ಪೈನಲ್ ಆಗಿದ್ದು 11.30ಕ್ಕೆ. ಸಂಜೆ 4.30ಕ್ಕೆ ವಾರ್ಡಿನಿಂದ ಫೋನ್ ಬಂತು. ಹೋಗಿ ನೋಡಿದರೆ ಮನುಷ್ಯ ತನ್ನ ತೊಡೆಯನ್ನು ತಾನೇ ತಟ್ಟಿಕೊಳ್ಳುತ್ತಿದ್ದಾರೆ, ಬೇರೆ ಯಾರದೋ ತೊಡೆ ಅನ್ನುವ ಹಾಗೆ.

"ಡಾಕ್ಟ್ರೇ, ನೋವಿಲ್ಲ. ಆದ್ರೆ ಕಾಲೇ ಇಲ್ಲ. ಪಕ್ಕದವರಿಗೆ ಯಾವಾಗಲೋ ಬಂತಲ್ಲ?"

ನನ್ನ ಎದೆ ಧಸಕ್ ಅಂದಿತು. ಸ್ಪೈನಲ್ ಆದಮೇಲೆ ಕಾಲು ಬಾರದಿದ್ದರೆ ಮೊದಲು ನೆನಪಾಗುವುದು ಬೆನ್ನೊಳಗೆ ರಕ್ತ ಕಟ್ಟಿ ನರವನ್ನು ಒತ್ತುವುದು. ಬಹಳ ಅಪರೂಪ, ಆದರೆ ತಡ ಮಾಡಿದರೆ ಕಾಲು ಹೋದ ಹಾಗೇ. ಸೀನಿಯರ್ ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಮಾತು. "ಮರಗಟ್ಟಿದ್ದು ಇಳೀತಾ ಇದ್ಯಾ, ನಿಂತಿದ್ಯಾ? ಬೆನ್ನು ನೋವು ಇದ್ಯಾ?"

ಸ್ಪಿರಿಟ್ ಹತ್ತಿಯಿಂದ ನೋಡಿದೆ. 2.30ಕ್ಕೆ ಹೊಕ್ಕುಳಿನ ಕೆಳಗೆ ತಣ್ಣಗೆ ಗೊತ್ತಾಗುತ್ತಿರಲಿಲ್ಲ ಅಂತ ಚಾರ್ಟ್‌ನಲ್ಲಿತ್ತು. ಈಗ ತೊಡೆಸಂದಿಯವರೆಗೆ ಗೊತ್ತಾಗುತ್ತಿದೆ. ಬಲಗಾಲಿನ ಹೆಬ್ಬೆರಳು ಒಂಚೂರು ಅಲ್ಲಾಡಿತು. ಬೆನ್ನು ನೋವಿಲ್ಲ. ಇಳೀತಾ ಇದೆ. "ಹಾಗಾದ್ರೆ ಡೆಕ್ಸ್‌ದೇ ಆಟ. ಅರ್ಧ ಗಂಟೆಗೊಮ್ಮೆ ನೋಡ್ತಾ ಇರು. ನಿಂತ್ರೆ ತಕ್ಷಣ ಸ್ಕ್ಯಾನ್," ಅಂದರು ಮೇಡಂ.

ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಪುಸ್ತಕದಲ್ಲಿ ಓದಿದ್ದು ಆಗ ತಲೆಗೆ ಇಳಿಯಿತು.

ಬುಪಿವಕೇನ್ ಮಾಡುವುದು ಒರಟು ಕೆಲಸ. ನರದ ಒಳಗೆ ಹೋಗಿ, ಸುದ್ದಿ ಹರಿಯಲು ಬೇಕಾದ ಸೋಡಿಯಂ ಬಾಗಿಲನ್ನು ಒಳಗಿನಿಂದ ಮುಚ್ಚುತ್ತದೆ. ನೋವಿನ ನರ, ಸ್ಪರ್ಶದ ನರ, ಕಾಲು ಎತ್ತುವ ನರ, ರಕ್ತನಾಳ ಬಿಗಿ ಹಿಡಿಯುವ ನರ, ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಬಿ.ಪಿ. ಇಳಿಯುವುದು.

ಫೆಂಟಾನಿಲ್ ದಾರಿ ಬೇರೆ. ನರದ ತಂತಿಯ ಗೊಡವೆಗೆ ಅದು ಹೆಚ್ಚು ಹೋಗುವುದಿಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಒಂದು ನರ ಇನ್ನೊಂದಕ್ಕೆ ನೋವಿನ ಸುದ್ದಿ ದಾಟಿಸುವ ಜಾಗವಿದೆಯಲ್ಲ, ಅಲ್ಲಿ ಕೂರುತ್ತದೆ. ಸುದ್ದಿ ಕಳಿಸುವ ನರದಲ್ಲಿ ಕ್ಯಾಲ್ಸಿಯಂ ಬಾಗಿಲು ಮುಚ್ಚುತ್ತದೆ, ಹಾಗಾಗಿ ರಾಸಾಯನಿಕ ಕಡಿಮೆ ಸುರಿಯುತ್ತದೆ. ಕೇಳಿಸಿಕೊಳ್ಳುವ ನರದಲ್ಲಿ ಪೊಟ್ಯಾಸಿಯಂ ಬಾಗಿಲು ತೆರೆಯುತ್ತದೆ, ಅದು ಮಂಕಾಗುತ್ತದೆ. ಕಾಲು ಎತ್ತುವ ಆಜ್ಞೆ ಈ ದಾರಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ನೋವು ತಡವಾಗಿ ಬಂದರೂ ಮಂಡಿ ಹೊತ್ತಿಗೆ ಸರಿಯಾಗಿ ಮಡಚುತ್ತದೆ.

ಮಾರ್ಫಿನ್ ಕೂಡ ಇದೇ ಜಾಗದಲ್ಲಿ ಕೆಲಸ ಮಾಡುತ್ತದೆ. ಆದರೆ ಅದು ಕೊಬ್ಬಿಗಿಂತ ನೀರಿಗೆ ಒಲಿಯುವ ಔಷಧಿ. ಬೆನ್ನಿನ ದ್ರವದಲ್ಲೇ ಉಳಿದು ಹೆಚ್ಚುಕಮ್ಮಿ ಒಂದು ದಿನ ನೋವು ತಡೆಯುತ್ತದೆ. ನಿಧಾನಕ್ಕೆ ಮೇಲೆ ಮೆದುಳಿನ ಕಡೆ ಹತ್ತಿದರೆ, ಎಷ್ಟೋ ಗಂಟೆ ಆದಮೇಲೆ ಉಸಿರು ನಿಧಾನವಾಗಬಹುದು. ಮಾರ್ಫಿನ್ ಕೊಟ್ಟ ದಿನ ರಾತ್ರಿ ನಾನು ನಿದ್ದೆಗೆಟ್ಟು ಉಸಿರು ಎಣಿಸಿದ್ದೇನೆ.

ಡೆಕ್ಸ್ ಹಿಡಿಯುವುದು ಆಲ್ಫಾ-2 ಎಂಬ ಬೇರೆ ಕೊಂಡಿಯನ್ನು. ನೋವಿನ ಸುದ್ದಿಯನ್ನು ಅದೂ ತಡೆಯುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಬೆನ್ನುಹುರಿಯ ಮುಂಭಾಗದ, ಸ್ನಾಯು ಆಡಿಸುವ ನರಕೋಶಗಳ ಮೇಲೂ ಕೈಯಾಡಿಸುತ್ತದೆ ಅಂತ ವಿವರಿಸುತ್ತಾರೆ. ಬುಪಿವಕೇನ್ ಕಟ್ಟಿಹಾಕಿದ ಕಾಲನ್ನು ಇದು ಇನ್ನೂ ಹೊತ್ತು ಹಿಡಿದಿಡುತ್ತದೆ. ಎದೆಬಡಿತವನ್ನೂ ಇಳಿಸುತ್ತದೆ. ಇವರದು ಓಟಿಯಲ್ಲಿ 52ಕ್ಕೆ ಇಳಿದಿತ್ತು. ಅಂದಹಾಗೆ, ಡೆಕ್ಸನ್ನು ತಯಾರಿಸಿದ್ದು ರಕ್ತನಾಳಕ್ಕೆ ಕೊಡಲೆಂದು. ಬೆನ್ನಿಗೆ ಕೊಡುವುದು ಲೇಬಲ್ ಆಚೆಯ ಬಳಕೆ, ಅಂದ್ರೆ ಅನುಮತಿಯಲ್ಲಿ ಇಲ್ಲದ ದಾರಿ. ಎಲ್ಲರೂ ಕೊಡ್ತಾರೆ ಅಂತ ನಾನೂ ಕೊಟ್ಟೆ, ಅಲ್ವಾ.

ದೊಡ್ಡ ಆಪರೇಷನ್ ಆಗಿದ್ದರೆ, ಮೂರು ತಾಸು ಕತ್ತರಿಸಿ ಹೊಲಿಯುವುದಿದ್ದರೆ, ಈ ಉದ್ದ ವರವೇ. ಮುಕ್ಕಾಲು ಗಂಟೆಯ ಹರ್ನಿಯಾಕ್ಕೆ ಏನು ಅವಸರವಿತ್ತು ನನಗೆ? 1898ರಲ್ಲಿ, ಸ್ಪೈನಲ್ ಶುರು ಮಾಡಿದ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಜರ್ಮನಿಯ ಕೀಲ್‌ನಲ್ಲಿ ತನ್ನ ಸಹಾಯಕನ ಬೆನ್ನಿಗೆ ಕೊಕೇನ್ ಕೊಟ್ಟು, ಮೊಣಕಾಲಿನ ಕೆಳಗಿನ ಮೂಳೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದು ನೋಡಿದ್ದ. ನೋವಾಗಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನೋವು ಮತ್ತೆ ಗೊತ್ತಾಗತೊಡಗಿತು. ಸಂಜೆ ಇಬ್ಬರೂ ವೈನ್ ಕುಡಿದು ಸಿಗಾರ್ ಸೇದಿದರು. ನನ್ನ ರೋಗಿಗೆ ಸಂಜೆ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಿತ್ತು.

5.30ಕ್ಕೆ ಪಾದ ಅಲ್ಲಾಡಿತು. 6.20ಕ್ಕೆ ಮಂಡಿ ಮಡಚಿತು. ಕಾಲು ತಡವಾಗಬಹುದು ಅಂತ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯ್ತು ಅಂದೆ. ಅವರು, "ಬಂತಲ್ಲ ಬಿಡಿ," ಅಂದು ಮಂಡಿಯನ್ನು ಇನ್ನೊಂದು ಸಲ ಮಡಚಿ ತೋರಿಸಿದರು.

ಹೊರಡುವಾಗ ಪಕ್ಕದ ಮಂಚದವರು ಕರೆದರು. ಮಧ್ಯಾಹ್ನವೇ ಕಾಲು ಬಂದವರು. ಬೆಳಿಗ್ಗೆಯಿಂದ ಮೂಗು ಕೆರೆದು ಕೆರೆದು ಕೆಂಪಾಗಿತ್ತು. "ಇದೇನು ಡಾಕ್ಟ್ರೇ, ಹೊಟ್ಟೆ ಕೊಯ್ದರೆ ಮೂಗು ತುರಿಸುತ್ತಾ?"

ಫೆಂಟಾನಿಲ್. ಅದನ್ನೂ ನಾನು ಹೇಳಿರಲಿಲ್ಲ.