ಬಾಗಿಲಿಲ್ಲದ ಕೀಲಿಕೈ

ಹೋದ ಜೂನ್ ಕೊನೆಗೆ ಮಗಳನ್ನು ನೋಡಲು ಸ್ಪೇನ್‌ಗೆ ಹೋಗಿದ್ದೆ. ಅವಳು ಸರಗೋಸಾದಲ್ಲಿ ಎಂಎಸ್‌ಸಿ ಓದುತ್ತಿದ್ದಾಳೆ. ಬಾಗಲಕೋಟೆಗೆ ವಾಪಸ್ ಬಂದಾಗಿನಿಂದ ಎಲ್ಲರೂ ಕೇಳೋದು ಬಾರ್ಸಿಲೋನಾ ಹೇಗಿತ್ತು, ಮ್ಯಾಡ್ರಿಡ್ ಹೇಗಿತ್ತು ಅಂತ. ಎರಡೂ ನೋಡಿದೆ, ಚೆನ್ನಾಗಿವೆ. ಆದರೆ ನಾನು ಬರೆಯಬೇಕು ಅಂತ ಕೂತಿರುವುದು ಒಂದು ಪುಟ್ಟ ಹಳ್ಳಿಯ ಬಗ್ಗೆ. ಅಲ್ಲಿ ಇದ್ದದ್ದು ಒಂದೇ ರಾತ್ರಿ.

ಹಳ್ಳಿಯ ಹೆಸರು ಲನೂಸಾ. ಅಲ್ಲಿನವರ ಬಾಯಲ್ಲಿ ಅದು ಲನೂಥಾ. ಪಿರೆನೀಸ್ ಬೆಟ್ಟಗಳ ಒಳಗೆ, ತೇನಾ ಕಣಿವೆಯಲ್ಲಿ, ಫ್ರಾನ್ಸ್ ಗಡಿಗೆ ಹತ್ತಿರ ಇದೆ. ಸುಮಾರು 1,280 ಮೀಟರ್ ಎತ್ತರ. ಪಕ್ಕದಲ್ಲೇ ಗಾಯೆಗೋ ನದಿಗೆ ಕಟ್ಟಿದ ಜಲಾಶಯ. ಆ ಜಲಾಶಯಕ್ಕಾಗಿಯೇ 1970ರ ದಶಕದ ಕೊನೆಗೆ ಊರು ಖಾಲಿ ಮಾಡಿಸಿದ್ದರು. ವರ್ಷಗಟ್ಟಲೆ ಹಾಳು ಬಿದ್ದಿತ್ತು. ಆಮೇಲೆ ಅದೇ ಊರಿನ ಜನ ವಾಪಸ್ ಬಂದು ಮನೆಗಳನ್ನು ಮತ್ತೆ ಎಬ್ಬಿಸಿದರು.

ಇದನ್ನು ಮಗಳು ಫೋನಿನಲ್ಲಿ ಹೇಳಿದ ದಿನವೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಬೇರೆ ಏನಾದರೂ ತಪ್ಪಲಿ, ಅಲ್ಲಿಗೆ ಹೋಗಲೇಬೇಕು.

ನಮ್ಮದು ಮುಳುಗಡೆ ಊರು. ಹಳೆ ಬಾಗಲಕೋಟೆಯಲ್ಲಿ ಘಟಪ್ರಭಾ ಹೊಳೆ ಕಡೆಯ ಓಣಿಯಲ್ಲಿ ನಮ್ಮ ಮನೆ ಇತ್ತು. ಮಾಳಿಗೆ ಮನೆ, ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅಡುಗೆ ಮನೆ ಮೇಲೆ ಒಂದು ಬೆಳಕಿಂಡಿ. ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ನಾವು ಮನೆ ಬಿಟ್ಟದ್ದು 1999ರಲ್ಲಿ. ನಡುವಿನ ಮೂವತ್ತೈದು ವರ್ಷ ನಮ್ಮ ಮನೆಯಲ್ಲಿ ಒಂದೇ ಮಾತು. ಮಾಳಿಗೆ ಸೋರಿದರೆ, "ಇರಲಿ ಬಿಡು, ಮುಳುಗೋ ಮನಿ." ಗೋಡೆ ಬಿರುಕು ಬಿಟ್ಟರೆ, "ಮುಳುಗೋ ಮನಿಗೆ ಯಾಕ ಖರ್ಚು?" ಅಪ್ಪ ಆ ಮಾತು ಕೇಳುತ್ತಲೇ ಬೆಳೆದ, ಮದುವೆಯಾದ, ನಮ್ಮನ್ನು ಬೆಳೆಸಿದ. ನೀರು ಬರೋದಕ್ಕಿಂತ ಎಷ್ಟೋ ಮೊದಲೇ ಮನೆ ಸೊರಗಿತ್ತು. ಇದನ್ನು ಯಾವ ಪರಿಹಾರದ ಪಟ್ಟಿಯಲ್ಲೂ ಬರೆಯಲಿಲ್ಲ. ಬಾಗಿಲು ಎಷ್ಟು, ಜಂತಿ ಎಷ್ಟು, ಹಿತ್ತಲಲ್ಲಿ ಗಿಡ ಎಷ್ಟು ಅಂತ ಎಣಿಸಿಕೊಂಡು ಹೋದರು. ಹಿಂದಿನ ಅರ್ಧ ಮನೆ ದಾಖಲೆಯಲ್ಲಿ ಇಲ್ಲ ಅಂತ ಅದರ ದುಡ್ಡು ಕೊಡಲಿಲ್ಲ. ಅಪ್ಪ ಎರಡು ವರ್ಷ ಅದಕ್ಕಾಗಿ ಓಡಾಡಿ ಕೊನೆಗೆ ಕೈಬಿಟ್ಟ.

ಸರಗೋಸಾದಿಂದ ಕಾರಲ್ಲಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಮೊದಲು ನಮ್ಮ ಬಯಲುಸೀಮೆಯ ಥರದ ಒಣ ನೆಲ. ಊಯೆಸ್ಕಾ ದಾಟಿದ ಮೇಲೆ ಸುರಂಗಗಳು, ಪೈನ್ ಗಿಡಗಳು. ಬಿಯೆಸ್ಕಾಸ್ ಅನ್ನೋ ಊರು ಕಳೆದ ಮೇಲೆ ಕಣಿವೆ ಕಿರಿದಾಗುತ್ತದೆ. ಅಲ್ಲಿ ಮೊದಲು ಸಿಗೋದು ಬೂಬಲ್ ಜಲಾಶಯ. ನೀರಿನ ಪಕ್ಕದ ಗುಡ್ಡದ ಮೇಲೆ ಬೂಬಲ್ ಅನ್ನೋ ಹಳ್ಳಿ. ಅದೂ ಜಲಾಶಯಕ್ಕಾಗಿ ಖಾಲಿಯಾದದ್ದೇ. 1984ರಲ್ಲಿ ಸರ್ಕಾರವೇ ಹಾಳು ಹಳ್ಳಿಗಳನ್ನು ಎಬ್ಬಿಸುವ ಒಂದು ಕಾರ್ಯಕ್ರಮ ಹಾಕಿಕೊಂಡಿತು. ಬೂಬಲ್, ಗ್ರನಾದಿಯಾ, ಉಂಬ್ರಲೇಖೋ ಅಂತ ಮೂರು ಊರು. ಈಗ ಅಲ್ಲಿ ವಿದ್ಯಾರ್ಥಿಗಳು ಬಂದು ಕೆಲವು ದಿನ ಇದ್ದು, ಹಳ್ಳಿ ಕೆಲಸ ಕಲಿತು ಹೋಗುತ್ತಾರೆ. ಒಳ್ಳೆಯ ಕೆಲಸ. ಆದರೆ ಆ ಮನೆಗಳು ಮನೆಯವರಿಗೆ ಸಿಗಲಿಲ್ಲ. ಲನೂಸಾ ಕಥೆ ಬೇರೆ, ಅದಕ್ಕೇ ನನಗೆ ಅದು ಬೇಕಿತ್ತು.

ನಾವು ತಲುಪಿದಾಗ ಸಂಜೆ ಏಳು ಗಂಟೆ. ಬಿಸಿಲು ಇನ್ನೂ ಹಾಗೇ ಇತ್ತು. ಹಿಮ ಕರಗಿದ ನೀರಿನಿಂದ ಜಲಾಶಯ ತುಂಬಿತ್ತು. ಆಲಮಟ್ಟಿ ಹಿನ್ನೀರು ನೋಡಿದವರಿಗೆ ಇದು ಕೆರೆಯಷ್ಟೇ. ನೀರಿನ ಹಿಂದೆ ಫೊರತಾತಾ ಅನ್ನೋ ಬಂಡೆ ಬೆಟ್ಟ, ಎದ್ದು ನಿಂತ ಗೋಡೆಯ ಹಾಗೆ. ನೀರಂಚಿಗೆ ಕಲ್ಲಿನ ಮನೆಗಳು, ಕಪ್ಪು ಕಲ್ಹಾಸಿನ ಇಳಿಜಾರು ಮಾಡು. ನೀರು ಊರನ್ನೆಲ್ಲ ಮುಳುಗಿಸಲೇ ಇಲ್ಲವಂತೆ, ಕೆಳಗಿನ ಮನೆಗಳವರೆಗೆ ಬಂದು ನಿಂತಿತು. ಉಳಿದದ್ದನ್ನು ಕೆಡವಿದ್ದು ಹಿಮ, ಮಳೆ, ಮತ್ತೆ ಬಾಗಿಲು ಕಿಟಕಿ ಕಿತ್ತುಕೊಂಡು ಹೋದ ಜನ.

ನಾವು ಉಳಿದ ಮನೆಯ ಒಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರು ಹುಟ್ಟಿದ್ದು ಅದೇ ಮನೆಯಲ್ಲಿ. ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ. ಮಗಳು ನಮ್ಮ ನಡುವೆ ಕೂತು ಮಾತು ದಾಟಿಸುತ್ತಿದ್ದಳು. ನಾನೂ ಮುಳುಗಡೆ ಊರಿನವಳು ಅಂತ ಅವಳು ಹೇಳಿದ ಕೂಡಲೇ ಆ ಅಜ್ಜಿ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು. "ನಿಮ್ಮದು ಎಲ್ಲಿಯವರೆಗೆ ಬಂತು ನೀರು?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪರಿಹಾರ ಎಷ್ಟು ಬಂತು ಅಂತ ಕೇಳಿದವರು ಬೇಕಾದಷ್ಟು ಜನ. ನಾನು ಕೈ ತಲೆಯ ಮೇಲೆತ್ತಿ ತೋರಿಸಿದೆ.

ಅವರ ಅಪ್ಪ ಕುರಿ ಸಾಕಿದ್ದವರು. ಚಳಿಗಾಲಕ್ಕೆ ಹಿಂಡು ಹೊಡೆದುಕೊಂಡು ಎಬ್ರೋ ನದಿಯ ಬಯಲಿಗೆ ಇಳಿಯೋದು, ಬೇಸಿಗೆಗೆ ಮತ್ತೆ ಬೆಟ್ಟ ಹತ್ತೋದು. ನಮ್ಮ ಕಡೆ ಕುರಿಗಾರರೂ ಹೀಗೇ ತಿಂಗಳುಗಟ್ಟಲೆ ನಡೀತಾರೆ ಅಂದೆ. ಊರು ಬಿಟ್ಟ ಮೇಲೆ ಅವರ ಅಪ್ಪ ಸಬಿನ್ಯಾನಿಗೋದ ಒಂದು ಕಾರ್ಖಾನೆ ಸೇರಿದರಂತೆ. ಅಲ್ಲಿ ಮೂರನೇ ಮಹಡಿಯ ಮನೆ. "ಅಪ್ಪನಿಗೆ ಮೆಟ್ಟಿಲು ಕಷ್ಟ ಆಗಲಿಲ್ಲ, ಬೆಟ್ಟ ಹತ್ತಿದವನು. ಬಾಗಿಲು ತೆಗೆದರೆ ಇನ್ನೊಬ್ಬರ ಬಾಗಿಲು ಕಾಣುತ್ತಿತ್ತು, ಅದು ಕಷ್ಟ ಆಯಿತು" ಅಂದರು.

ಮಾತಿನ ನಡುವೆ ಎದ್ದು ಹೋಗಿ ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಕೀಲಿಕೈ ತಂದು ನನ್ನ ಅಂಗೈಯಲ್ಲಿ ಇಟ್ಟರು. ಕಬ್ಬಿಣದ್ದು. ಗೇಣುದ್ದ ಇತ್ತು, ಸೌಟಿನಷ್ಟು ಭಾರ. ಹಿಡಿಯುವ ಕಡೆ ಬಳೆಯ ಹಾಗೆ ದುಂಡಗೆ, ಇನ್ನೊಂದು ತುದಿಯಲ್ಲಿ ಎರಡು ಹಲ್ಲು. ದುಂಡಗಿನ ಜಾಗ ಹೆಬ್ಬೆರಳು ತಾಗಿ ತಾಗಿ ಸವೆದು ನುಣುಪಾಗಿತ್ತು, ಉಳಿದ ಕಡೆ ತುಕ್ಕು ಹಿಡಿದು ಕಪ್ಪಾಗಿತ್ತು. ಊರು ಬಿಡುವ ದಿನ ಅವರ ಅಪ್ಪ ಬಾಗಿಲು ಹಾಕಿ ಕೀಲಿ ತಿರುಗಿಸಿ ಇದನ್ನು ಜೇಬಿಗೆ ಹಾಕಿಕೊಂಡರಂತೆ. ಮನೆ ಆಗಲೇ ಸರ್ಕಾರದ್ದಾಗಿತ್ತು. ಕೀಲಿ ಹಾಕುವ ಅಗತ್ಯವೇ ಇರಲಿಲ್ಲ. 1990ರ ದಶಕದಲ್ಲಿ ಹಳೆಯ ವಾರಸುದಾರರಿಗೆ ಮನೆ ಮರಳಿ ಸಿಗತೊಡಗಿದಾಗ ಈ ಅಜ್ಜಿ ಕೀಲಿಕೈ ಹಿಡಿದುಕೊಂಡೇ ಬಂದರು. ಬಂದು ನೋಡಿದರೆ ಬಾಗಿಲೇ ಇಲ್ಲ. ಚೌಕಟ್ಟೂ ಇಲ್ಲ. ಮಾಡು ಕುಸಿದಿತ್ತು, ಅಡುಗೆ ಮನೆಯಲ್ಲಿ ಒಂದು ಗಿಡ ಬೆಳೆದಿತ್ತು. ಹೊಸ್ತಿಲ ಕಲ್ಲು ಮಾತ್ರ ಭಾರಕ್ಕೆ ಯಾರಿಗೂ ಎತ್ತಲಾಗದೆ ಅಲ್ಲೇ ಉಳಿದಿತ್ತು.

ನನ್ನ ಗಂಟಲು ಕಟ್ಟಿತು. ಯಾಕೆಂದರೆ ನಮ್ಮದು ಸರಿಯಾಗಿ ಉಲ್ಟಾ. ಅಪ್ಪ ಮನೆ ಬಿಡುವಾಗ ತಲೆಬಾಗಿಲನ್ನು ಚೌಕಟ್ಟು ಸಮೇತ ಕೀಳಿಸಿ, ಟ್ರ್ಯಾಕ್ಟರ್ ಮೇಲೆ ಹಾಕಿಸಿಕೊಂಡು ನವನಗರಕ್ಕೆ ತಂದ. ಸಾಗವಾನಿ ಚೌಕಟ್ಟು, ನಡುವೆ ಕೆತ್ತಿದ ಕಮಲ. ನವನಗರದ ನಕ್ಷೆ ಮಾಡಿದವರು ಚಾರ್ಲ್ಸ್ ಕೊರಿಯಾ, ದೊಡ್ಡ ಹೆಸರು. ಅಗಲ ರಸ್ತೆ, ಸೆಕ್ಟರ್ ಸೆಕ್ಟರ್ ಆಗಿ ಮನೆಗಳು. ಊರು ಚೆನ್ನಾಗೇ ಇದೆ, ನಾನು ಮಕ್ಕಳನ್ನು ಬೆಳೆಸಿದ್ದು ಇಲ್ಲೇ. ಆದರೆ ಒಂದು ಓಣಿಯವರನ್ನು ಒಂದೇ ಕಡೆ ಇಡಲಿಲ್ಲ. ಪಕ್ಕದ ಮನೆ ಕಾಕೂ ಒಂದು ಸೆಕ್ಟರ್‌ಗೆ, ಎದುರು ಮನೆಯವರು ಇನ್ನೊಂದಕ್ಕೆ. ನಮಗೆ ಸಿಕ್ಕ ಸೈಟು ಪಶ್ಚಿಮಕ್ಕೆ ಮುಖ. ಹಳೆಯ ಮನೆಯಲ್ಲಿ ಪೂರ್ವ ನೋಡುತ್ತಿದ್ದ ಬಾಗಿಲು ಈಗ ಪಶ್ಚಿಮ ನೋಡುತ್ತದೆ. ಅವ್ವ ಇವತ್ತಿಗೂ ಪ್ರತಿ ಶುಕ್ರವಾರ ಅದಕ್ಕೆ ಅರಿಷಿಣ ಕುಂಕುಮ ಹಚ್ಚುತ್ತಾಳೆ. ಹಚ್ಚುವಾಗ ಒಂದು ಸಲವಾದರೂ ಹೇಳುತ್ತಾಳೆ, "ಪಾಪ, ಇದಕ್ಕ ದಿಕ್ಕು ತಪ್ಪೇತಿ."

ಇದನ್ನೆಲ್ಲ ಆ ಅಜ್ಜಿಗೆ ಹೇಳಿದೆ. ಅವರು ಕೀಲಿಕೈಯನ್ನು ನನ್ನ ಕೈಯಿಂದ ತಗೊಳ್ಳಲಿಲ್ಲ. ಊಟ ಮುಗಿಯುವವರೆಗೂ ಅದು ನನ್ನ ಮಡಿಲಲ್ಲೇ ಇತ್ತು.

ಊಟಕ್ಕೆ ಮೀಗಾಸ್ ಮಾಡಿದ್ದರು. ಒಣಗಿದ ಬ್ರೆಡ್ಡನ್ನು ಪುಡಿ ಮಾಡಿ, ನೀರು ಚಿಮುಕಿಸಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದು, ಜೊತೆಗೆ ದ್ರಾಕ್ಷಿ. ಮಾಮೂಲಾಗಿ ಮಾಂಸವೂ ಹಾಕುತ್ತಾರೆ, ನಮಗಾಗಿ ಬಿಟ್ಟಿದ್ದರು. ಮೊದಲ ತುತ್ತಿಗೇ ನನಗೆ ಗೊತ್ತಾಯಿತು, ಇದು ನಮ್ಮ ಮುಟಗಿ! ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಖಾರ, ಎಣ್ಣೆ ಹಾಕಿ ಕುಟ್ಟಿ ಮಾಡ್ತೀವಲ್ಲ, ಅದರ ದೂರದ ಸಂಬಂಧಿ. ಕುರಿಗಾರರು ಬುತ್ತಿಯ ಹಳೆ ಬ್ರೆಡ್ಡಿನಲ್ಲಿ ಬೆಟ್ಟದ ಮೇಲೆ ಮಾಡಿಕೊಳ್ಳುತ್ತಿದ್ದರಂತೆ. ಮಗಳಿಗೆ ಅಂತ ತಂದಿದ್ದ ಕಟಿರೊಟ್ಟಿ, ಶೇಂಗಾ ಚಟ್ನಿ ನನ್ನ ಚೀಲದಲ್ಲಿತ್ತು. ಕೊಟ್ಟೆ. ಅಜ್ಜಿ ರೊಟ್ಟಿ ಮುರಿದಾಗ ಬಂದ ಸದ್ದಿಗೆ ಬೆಚ್ಚಿ, ಆಮೇಲೆ ಇನ್ನೊಂದು ಕೇಳಿ ತಿಂದರು.

ಊಟದ ಮೇಲೆ ಓಣಿಯಲ್ಲಿ ಒಂದು ಸುತ್ತು ಹಾಕಿದೆವು. ಹತ್ತು ಗಂಟೆಗೆ ಆಗಷ್ಟೇ ಕತ್ತಲಾಗುತ್ತಿತ್ತು. ಹೊಗೆಗೂಡುಗಳ ತುದಿಯಲ್ಲಿ ಒಂದೊಂದು ವಿಚಿತ್ರ ಕಲ್ಲು ಇಟ್ಟಿದ್ದಾರೆ. ಹೊಗೆಗೂಡಿನಿಂದ ಮಾಟಗಾತಿ ಒಳಗೆ ಇಳಿಯಬಾರದು ಅಂತ. ನಾವು ಹೊಸ ಮನೆಗೆ ಬೂದುಗುಂಬಳ ಕಟ್ಟುವ ಹಾಗೆ. ಮಾಡು ಹೊಸದು, ಕಿಟಕಿ ಹೊಸದು, ಆದರೂ ಆ ಕಲ್ಲು ಬಿಟ್ಟಿಲ್ಲ. ನನಗೆ ಅದು ತುಂಬಾ ಹಿಡಿಸಿತು.

ಎಲ್ಲವೂ ಹಿಡಿಸಿತು ಅಂತ ಹೇಳಲಾರೆ. ಊರು ಬಹಳ ಸ್ವಚ್ಛ. ಕಿಟಕಿಗೆ ಹೂವಿನ ಕುಂಡ, ನೆಲಕ್ಕೆ ಒಪ್ಪವಾಗಿ ಜೋಡಿಸಿದ ಕಲ್ಲು. ಕುರಿ ಇಲ್ಲ, ಗೊಬ್ಬರದ ವಾಸನೆ ಇಲ್ಲ. ವರ್ಷಪೂರ್ತಿ ಇರುವವರು ಕಡಿಮೆ, ಹೆಚ್ಚಿನವು ರಜೆಗೆ ತೆರೆಯುವ ಮನೆಗಳು. ಹಳ್ಳಿ ಹಳೆಯ ಹಾಗೆ ವಾಪಸ್ ಬಂದಿಲ್ಲ. ಅಜ್ಜಿಗೂ ಅದು ಗೊತ್ತು. "ಹಿಂಡು ಹೋಯಿತು, ಶಾಲೆ ಹೋಯಿತು, ಅವು ಬರಲ್ಲ" ಅಂದರು. ಆದರೆ ಬೇಸಿಗೆಯಲ್ಲಿ ಅವರ ಮೊಮ್ಮಕ್ಕಳು ಆ ಹೊಸ್ತಿಲ ಮೇಲೆ ಕೂತು ಐಸ್‌ಕ್ರೀಂ ತಿನ್ನುತ್ತಾರಂತೆ. ನನಗೆ ಅಷ್ಟು ಸಿಕ್ಕಿದ್ದರೂ ಸಾಕಿತ್ತು.

ಇನ್ನೊಂದು ವಿಷಯ ನನಗೆ ಮೊದಲು ಒಪ್ಪಲಾಗಲಿಲ್ಲ. 1992ರಿಂದ ಅಲ್ಲಿ ಪಿರೆನೀಯೋಸ್ ಸೂರ್ ಅನ್ನೋ ಸಂಗೀತೋತ್ಸವ ನಡೆಯುತ್ತದೆ. ನೀರಿನ ಮೇಲೆ ತೇಲುವ ವೇದಿಕೆ. ಮನೆ ನುಂಗಿದ ನೀರಿನ ಮೇಲೆ ಹಾಡು ಕುಣಿತವಾ ಅನ್ನಿಸಿತು. ಕೇಳಿಯೂಬಿಟ್ಟೆ. ಅಜ್ಜಿ ಬೇಜಾರು ಮಾಡಿಕೊಳ್ಳಲಿಲ್ಲ. "ಮೊದಲ ವರ್ಷ ಊರಲ್ಲಿ ಮಾಡು ಇರುವ ಮನೆ ಹುಡುಕಬೇಕಿತ್ತು. ಆ ರಾತ್ರಿ ದೀಪ ಹಚ್ಚಿದ್ದನ್ನು ನಾವು ಆಚೆ ದಂಡೆಯಿಂದ ನೋಡಿದೆವು. ಎಷ್ಟೋ ವರ್ಷದ ಮೇಲೆ ಊರಲ್ಲಿ ದೀಪ ಕಂಡಿತು" ಅಂದರು. ಆಗ ನನಗೆ ನಮ್ಮ ಹೋಳಿ ನೆನಪಾಯಿತು. ನವನಗರದಲ್ಲಿ ಎಷ್ಟೇ ಅಗಲ ರಸ್ತೆ ಇರಲಿ, ಹೋಳಿಗೆ ನಾವು ಹೋಗೋದು ಹಳೆ ಊರಿಗೇ. ಉಳಿದಿರುವ ಪೇಟೆಗಳಲ್ಲಿ ಹಲಗೆ ಬಡಿದು, ಬಂಡಿಯಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ ತಂದು ಎರಚಾಡಿದರೇನೇ ಬಾಗಲಕೋಟೆಯ ಹೋಳಿ. ಅರ್ಧ ನೀರಿಗೆ ಹೋದ ಊರಲ್ಲಿ ನಾವೂ ಕುಣಿಯುತ್ತೇವೆ.

ಆ ರಾತ್ರಿ ನಿದ್ದೆ ಬೇಗ ಹತ್ತಲಿಲ್ಲ. ಜೂನ್‌ನಲ್ಲೂ ಎರಡು ಕಂಬಳಿ ಬೇಕಾಯಿತು. ಗೋಡೆ ಮೊಳಕ್ಕಿಂತ ದಪ್ಪ, ಹೊರಗಿನ ಸದ್ದು ಒಳಗೆ ಬರೋದೇ ಇಲ್ಲ. ಕಿಟಕಿ ತೆರೆದಾಗ ಮಾತ್ರ ದೂರದಲ್ಲಿ ದನದ ಗಂಟೆ ಕೇಳುತ್ತಿತ್ತು. ಕೂಡಲಸಂಗಮದ ಬಗ್ಗೆ ಯೋಚಿಸುತ್ತಾ ಮಲಗಿದ್ದೆ. ನಾರಾಯಣಪುರ ಆಣೆಕಟ್ಟಿನ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿ ಉಳಿಸಿದರು. ಈಗಲೂ ಮೆಟ್ಟಿಲಿಳಿದು ಹೋಗಿ ನೋಡಬಹುದು, ಸುತ್ತ ನೀರು, ನಡುವೆ ಮಂಟಪ ಒಣಗಿ ನಿಂತಿರುತ್ತದೆ. ಚಿಕ್ಕವಳಿದ್ದಾಗ ಅಲ್ಲಿ ಇಳಿಯುತ್ತಾ ನಮ್ಮ ಓಣಿಗೂ ಹೀಗೊಂದು ಗೋಡೆ ಕಟ್ಟಲಿ ದೇವರೇ ಅಂತ ಬೇಡಿಕೊಂಡಿದ್ದೆ. ಆ ಬೇಡಿಕೆ ಮರೆತೇಹೋಗಿತ್ತು. ಲನೂಸಾದಲ್ಲಿ ನೆನಪಾಯಿತು.

ಬೆಳಿಗ್ಗೆ ಹೊರಡುವ ಮೊದಲು ಹೊಸ್ತಿಲಿನ ಫೋಟೋ ತೆಗೆದೆ. ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿದೆ. ರಾತ್ರಿ ತುಂತುರು ಬಿದ್ದಿತ್ತೇನೋ, ಆ ತಗ್ಗಿನಲ್ಲಿ ಒಂದು ಚಮಚದಷ್ಟು ನೀರು ನಿಂತಿತ್ತು. ಹೊಸ ಬಾಗಿಲಿಗೆ ಹೊಸ ಕೀಲಿ ಇದೆ, ಪುಟ್ಟದು, ಹಿತ್ತಾಳೆಯದು. ಅಜ್ಜಿ ಅದನ್ನು ಬಾಗಿಲಲ್ಲೇ ಬಿಟ್ಟಿರುತ್ತಾರೆ. ನನ್ನನ್ನು ತಬ್ಬಿಕೊಂಡು ಮಗಳಿಗೆ ಏನೋ ಹೇಳಿದರು. "ನಿಮ್ಮ ಅಮ್ಮನಿಗೆ ಹೇಳು, ಬಾಗಿಲು ತಂದದ್ದು ಒಳ್ಳೇದಾಯಿತು ಅಂತ" ಅಂದರಂತೆ.

ಊರಿಗೆ ಬಂದ ಮಾರನೇ ದಿನ ಅವ್ವನ ಮನೆಗೆ ಹೋದೆ. ಫೋಟೋ ಎಲ್ಲ ತೋರಿಸಿದೆ. ಬಾರ್ಸಿಲೋನಾದ ಚರ್ಚು, ಸಮುದ್ರ, ಮೊಮ್ಮಗಳ ಕಾಲೇಜು, ಎಲ್ಲವನ್ನೂ ಸುಮ್ನೆ ನೋಡುತ್ತಾ ಹೋದಳು. ಹೊಸ್ತಿಲಿನ ಫೋಟೋ ಬಂದಾಗ ಫೋನ್ ನನ್ನ ಕೈಯಿಂದ ತಗೊಂಡಳು. ಕೀಲಿಕೈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಬಾಗಿಲಾ ಯಾವ ದಿಕ್ಕಿಗೈತಿ?" ಅಂದಳು.

ನನಗೆ ಗೊತ್ತಿರಲಿಲ್ಲ. ಅಲ್ಲಿ ಕೇಳಬೇಕು ಅಂತ ಹೊಳೆದೇ ಇರಲಿಲ್ಲ. ಅವ್ವ ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿದಳು. ಬಿಸಿಲು ಹೊಸ್ತಿಲು ದಾಟಿ ಒಳಗಿನ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

"ಇದು ಎಷ್ಟೊತ್ತಿಗೆ ತಗದದ್ದು?"

"ಮುಂಜಾನೆ."

"ಹಂಗಾರ ಪೂರ್ವಕ್ಕೈತಿ" ಅಂದಳು. ಫೋನ್ ಪರದೆ ಆರಿಹೋಯಿತು. ನನ್ನ ಕಡೆ ಚಾಚಿ, "ಇನ್ನೊಮ್ಮೆ ತೋರ್ಸು" ಅಂದಳು.